ಎಂಟು ಮೀಟರಿನ ಸುಳ್ಳು

ಜಪಾನಿನ ರೈಲುಗಳ ಸಮಯಪಾಲನೆಯನ್ನು ಕೊಂಡಾಡುವ ನಮ್ಮ ಬರಹಗಾರರು ಅಲ್ಲಿ ಚಾಲಕರನ್ನು ತಿದ್ದುವ ಕ್ರಮವನ್ನೂ ಪರೀಕ್ಷಿಸದೆ ಒಪ್ಪಿಕೊಂಡಿದ್ದಾರೆ. ಸಿಗ್ನಲ್ ಕಂಡೊಡನೆ ಬೆರಳು ತೋರಿಸಿ ಗಟ್ಟಿಯಾಗಿ ಹೇಳುವ ಅಲ್ಲಿನ ಪದ್ಧತಿ ನಿಜಕ್ಕೂ ಒಳ್ಳೆಯದು. ಆದರೆ ತಪ್ಪು ಮಾಡಿದ ಚಾಲಕರಿಗೆ ಜೆಆರ್ ವೆಸ್ಟ್ ಕಂಪನಿ ಕೊಡುತ್ತಿದ್ದ ‘ನಿಕ್ಕಿನ್ ಕ್ಯೋಯಿಕು’ ಹೆಸರಿಗಷ್ಟೇ ತರಬೇತಿ. ಅಲ್ಲಿ ಚಾಲಕರಿಂದ ತಪ್ಪೊಪ್ಪಿಗೆ ಬರೆಸುತ್ತಿದ್ದರು, ಬೈಯುತ್ತಿದ್ದರು, ಕಳೆ ಕೀಳಿಸುತ್ತಿದ್ದರು.

2005ರ ಏಪ್ರಿಲ್ 25ರ ಬೆಳಿಗ್ಗೆ ಇದೇ ಕಂಪನಿಯ ಇತಾಮಿ ನಿಲ್ದಾಣದಲ್ಲಿ ನಡೆದದ್ದನ್ನು ನೋಡಿ. 23 ವರ್ಷದ ಚಾಲಕ ರೈಲನ್ನು ನಿಲ್ಲಬೇಕಾದ ಜಾಗದಿಂದ ಸುಮಾರು 70 ಮೀಟರ್ ಮುಂದೆ ಒಯ್ದ. ಹಿಂದಿನ ಡಬ್ಬಿಯಲ್ಲಿದ್ದ ಕಂಡಕ್ಟರನಿಗೆ ಫೋನ್ ಮಾಡಿ, ದೂರವನ್ನು ಕಡಿಮೆ ಹೇಳು ಎಂದು ಕೇಳಿಕೊಂಡ. ಕಂಡಕ್ಟರ್ ರೇಡಿಯೋದಲ್ಲಿ ಕಂಟ್ರೋಲಿಗೆ ‘8 ಮೀಟರ್’ ಎಂದ. ರೇಡಿಯೋದ ಆ ಮಾತಿನ ಕಡೆಗೇ ಚಾಲಕನ ಗಮನ ಹೋಗಿರಬೇಕು, ಬ್ರೇಕ್ ತಡವಾಯಿತು ಎಂದು ತನಿಖಾ ಆಯೋಗ ಹೇಳಿತು. ಗಂಟೆಗೆ 70 ಕಿ.ಮೀ. ಮಿತಿಯ ತಿರುವಿಗೆ ರೈಲು 116ರಲ್ಲಿ ನುಗ್ಗಿತು. ಚಾಲಕನೂ ಸೇರಿ 107 ಜನ ಸತ್ತರು.

ವೇಗ ಮಿತಿಮೀರಿದರೆ ತಾನೇ ಬ್ರೇಕ್ ಹಾಕುವ ಹೊಸ ಬಗೆಯ ಎಟಿಎಸ್ ಯಂತ್ರ ಆ ಮಾರ್ಗದಲ್ಲಿ ಇದ್ದಿದ್ದರೆ ಅಪಘಾತ ತಪ್ಪುತ್ತಿತ್ತು ಎಂದು ತಂತ್ರಜ್ಞರು ವಾದಿಸುತ್ತಾರೆ. ಮಾತು ನಿಜ. ಆದರೆ ಅಲ್ಲಿಗೇ ವಿಚಾರಣೆ ಮುಗಿಸುವುದನ್ನು ನಾನು ಒಪ್ಪಲಾರೆ. ಯಂತ್ರ ಬ್ರೇಕ್ ಹಾಕೀತು. ಒಟ್ಟಿಗೆ ಕೆಲಸ ಮಾಡುವ ಇಬ್ಬರು ಸುಳ್ಳು ಹೇಳಬೇಕಾಗಿ ಬಂದದ್ದೇಕೆ ಎಂದು ಅದು ಹೇಳೀತೇ? ಚಾಲಕನಿಗೆ ಅನುಭವ ಸಾಲದಾಗಿತ್ತು ಎನ್ನುವವರ ವಾದವಂತೂ ಇನ್ನೂ ಸಡಿಲ. 2004ರ ಜೂನ್‌ನಲ್ಲಿ ಇದೇ ಚಾಲಕ ಇನ್ನೊಂದು ನಿಲ್ದಾಣವನ್ನು ಹೀಗೇ ದಾಟಿಹೋಗಿ, 13 ದಿನ ಇದೇ ‘ತರಬೇತಿ’ ಪಡೆದಿದ್ದ. ಹತ್ತು ತಿಂಗಳಲ್ಲಿ ಅದೇ ತಪ್ಪು ಮರುಕಳಿಸಿತು. ಹಾಗಾದರೆ ಆ 13 ದಿನ ಕಲಿಸಿದ್ದೇನು? ರೈಲು ನಿಲ್ಲಿಸುವುದನ್ನಂತೂ ಅಲ್ಲ. ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬ ಭಯವನ್ನು ಕಲಿಸಿತು.

ತಪ್ಪನ್ನು ಕಡೆಗಣಿಸಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಚಾಲಕರು ನಿಜ ಹೇಳದಿದ್ದರೆ ಮೇಲ್ವಿಚಾರಕ ಯಾವ ತಪ್ಪನ್ನು ತಿದ್ದುತ್ತಾನೆ? ನಮ್ಮ ಲೋಕೊ ಇನ್ಸ್‌ಪೆಕ್ಟರುಗಳು ಎಂಜಿನ್ ಹತ್ತಿ, ಲೋಕೊ ಪೈಲಟ್ ಜೊತೆಗೇ ಪ್ರಯಾಣಿಸಿ ಕೆಲಸ ನೋಡುತ್ತಾರೆ. ಗುಣಮಟ್ಟ ಉಳಿಯುವುದು ಈ ದಾರಿಯಲ್ಲೇ. ತನ್ನ ತಪ್ಪನ್ನು ತಾನೇ ಹೇಳಿಕೊಂಡ ಚಾಲಕನಿಗೆ ಅವಮಾನ ಮಾಡುವ ಪದ್ಧತಿ ಯಾವ ದೇಶದ್ದಾದರೂ ಸರಿ, ಅದನ್ನು ಶಿಸ್ತೆಂದು ಹೊಗಳುವುದನ್ನು ನಾವು ನಿಲ್ಲಿಸಬೇಕು.