ಸಿಟ್ಟನ್ನು ದೋಷವೆಂದವರಿಗೆ

ಪ್ರಗತಿಶೀಲರ ಕಾದಂಬರಿಗಳು ಆ ಕಾಲಕ್ಕೆ ಸರಿ, ಈಗ ಓದಲು ಅವುಗಳಲ್ಲಿ ಏನೂ ಉಳಿದಿಲ್ಲ ಎಂಬ ಮಾತು ವಿಚಾರ ಸಂಕಿರಣಗಳಲ್ಲಿ ಸಲೀಸಾಗಿ ಬರುತ್ತದೆ. ಹೇಳುವವರು ಆ ಪುಸ್ತಕಗಳನ್ನು ತೆರೆದು ಎಷ್ಟು ವರ್ಷವಾಯಿತೆಂದು ಯಾರೂ ಕೇಳುವುದಿಲ್ಲ. ಇತ್ತೀಚೆಗೆ ಬೆಳಗಾವಿಯಲ್ಲೇ, ಬಸವರಾಜ ಕಟ್ಟೀಮನಿಯವರ ಸ್ವಂತ ಜಿಲ್ಲೆಯಲ್ಲೇ, ಈ ಮಾತನ್ನು ಮತ್ತೆ ಕೇಳಿದೆ. ಅನಕೃ, ತರಾಸು, ನಿರಂಜನರ ಪರ ವಾದಿಸಲು ಬೇರೆಯವರಿದ್ದಾರೆ. ನಾನು ಕಟ್ಟೀಮನಿಯವರ ಕಡೆಯವನು.

ಅವರ ಮೇಲಿನ ದೂರು ಹಳೆಯದು: ಪಾತ್ರಗಳಿಗೆ ಒಳತೋಟಿಯಿಲ್ಲ, ಬರವಣಿಗೆ ಪತ್ರಿಕೆಯದು, ದನಿ ಏರಿದ್ದು. ಮಠದ ಸ್ವಾಮಿಯನ್ನು ಕುರಿತ ಅವರ ಕಾದಂಬರಿ ‘ಜರತಾರಿ ಜಗದ್ಗುರು’ವಿನ ಪಕ್ಕಕ್ಕೆ ‘ಸಂಸ್ಕಾರ’ವನ್ನಿಟ್ಟು, ಅದರ ನಾಯಕ ಪ್ರಾಣೇಶಾಚಾರ್ಯರ ತಳಮಳ ಈ ಸ್ವಾಮಿಗೆಲ್ಲಿದೆ ಎಂದು ಕೇಳುತ್ತಾರೆ. ತಳಮಳವೇ ಇಲ್ಲದ ಅಧಿಕಾರವೂ ಲೋಕದಲ್ಲಿದೆ ಎಂಬುದು ಇವರಿಗೆ ಹೊಳೆಯುವುದಿಲ್ಲ. ಕಾಣಿಕೆ ಎಣಿಸಿಕೊಂಡು ಹಾಯಾಗಿ ನಿದ್ದೆ ಮಾಡುವವನಿಗೆ ಲೇಖಕ ಒಂದು ಅಂತರಂಗವನ್ನು ಕಲ್ಪಿಸಿಕೊಟ್ಟರೆ ಅದು ಕಲೆಯಾಗುವುದಿಲ್ಲ, ಅವನಿಗೆ ತೋರಿದ ರಿಯಾಯಿತಿಯಾಗುತ್ತದೆ. ಕಟ್ಟೀಮನಿ ಆ ರಿಯಾಯಿತಿ ಕೊಡಲಿಲ್ಲ. ಅದೂ ಎಂಥ ಸೀಮೆಯಲ್ಲಿ! ಬಡವರ ಮಕ್ಕಳಿಗೆ ಮಠದ ಪ್ರಸಾದ, ಮಠದ ಬೋರ್ಡಿಂಗು, ಮಠದ ಶಾಲೆಯೇ ಆಸರೆಯಾಗಿರುವ ಸೀಮೆಯಲ್ಲಿ. ಆ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಬೆಳಗಾವಿಯ ನಾಗನೂರು ರುದ್ರಾಕ್ಷಿಮಠದ ಉಚಿತ ಪ್ರಸಾದ ನಿಲಯದಲ್ಲಿದ್ದು ಓದಿದವರು ನಾಡಿನ ತುಂಬ ಇದ್ದಾರೆ. ಅನ್ನದ ಋಣ ಅಷ್ಟು ದೊಡ್ಡದಾಗಿರುವ ಕಡೆ ಜರತಾರಿಯ ಕಡೆಗೆ ಬೆರಳು ತೋರಿಸಲು ಬೇಕಾದ ಎದೆಗಾರಿಕೆಯನ್ನು ವಿಮರ್ಶೆ ಯಾವ ಖಾತೆಯಲ್ಲಿ ಬರೆದುಕೊಂಡಿದೆ?

‘ಮಾಡಿ ಮಡಿದವರು’ 1942ರ ಚಳವಳಿಯ ಕಾದಂಬರಿ. ಬರೆದವರು ಸ್ವತಃ ಆ ಚಳವಳಿಯಲ್ಲಿ ಜೈಲು ಕಂಡವರು. ಖಾನಾಪುರದ ಪರಿಚಿತರೊಬ್ಬರ ಮನೆಯಲ್ಲಿ ಅದರ ಹಳೆಯ ಪ್ರತಿಯೊಂದಿದೆ. ರಟ್ಟು ಕಿತ್ತುಹೋಗಿ ಬೆನ್ನಿಗೆ ಖಾಕಿ ಕಾಗದ ಅಂಟಿಸಿದ್ದಾರೆ. ಪುಟದಂಚಿನಲ್ಲಿ ಪೆನ್ಸಿಲಿನಿಂದ ಊರುಗಳ ಹೆಸರುಗಳಿವೆ, ಒಂದಕ್ಕಿಂತ ಹೆಚ್ಚು ಕೈಬರಹಗಳಲ್ಲಿ. ಓದಿದವರು ತಂತಮ್ಮ ಹಳ್ಳಿಯನ್ನು ಕಥೆಯೊಳಗೆ ಸೇರಿಸಿಕೊಂಡಿದ್ದಾರೆ. ನಾನು ನೋಡಿದ ಯಾವ ನವ್ಯ ಕಾದಂಬರಿಯ ಪ್ರತಿಯಲ್ಲೂ ಇಂಥ ಗುರುತು ಕಂಡಿಲ್ಲ. ಅಲ್ಲಿ ಅಡಿಗೆರೆಗಳಿರುತ್ತವೆ, ಪರೀಕ್ಷೆಗೆ ಬೇಕಾದವು.

ಜಗಳ ನಿಜಕ್ಕೂ ಇರುವುದು ಇಲ್ಲಿ. ಅರವತ್ತರ ದಶಕದಿಂದೀಚೆಗೆ ನಮ್ಮ ಅಭಿರುಚಿಯನ್ನು ತಿದ್ದಿದ್ದು ಕಾಲೇಜಿನ ತರಗತಿ, ಅದರಲ್ಲೂ ಇಂಗ್ಲಿಷ್ ವಿಭಾಗ. ತಗ್ಗಿದ ದನಿ, ಇಬ್ಬಂದಿತನ, ಒಂಟಿ ನಾಯಕ ಇವಿಷ್ಟೇ ಪ್ರೌಢ ಸಾಹಿತ್ಯದ ಲಕ್ಷಣಗಳೆಂದು ಅಲ್ಲಿ ಕಲಿಸಿದರು. ಗುಂಪು ಬಂದರೆ ಘೋಷಣೆ, ಸಿಟ್ಟು ಬಂದರೆ ಕಲಾದೋಷ. ಶೇಡಬಾಳದ ಮಿರ್ಜಿ ಅಣ್ಣಾರಾಯರ ‘ನಿಸರ್ಗ’ ಪಕ್ಕಕ್ಕೆ ಸರಿದದ್ದೂ ಇದೇ ತಕ್ಕಡಿಯಲ್ಲಿ ತೂಗಿದ್ದರಿಂದ. ಗಡಿಯಲ್ಲಿ ಬದುಕುವ ನಮಗೆ, ಕನ್ನಡ ಪುಸ್ತಕ ಕೈಯಲ್ಲಿ ಹಿಡಿಯುವುದೇ ಒಂದು ನಿಲುವಾಗಿದ್ದ ಊರಿನವರಿಗೆ, ಏರಿದ ದನಿ ಅಸಂಸ್ಕೃತವಾಗಿ ಕೇಳಿಸಲಿಲ್ಲ.

ಕಟ್ಟೀಮನಿ ಅವಸರದಲ್ಲಿ ಬರೆದರು, ನಿಜ. ಹೊಟ್ಟೆಪಾಡು ಪತ್ರಿಕೆಯದಾಗಿತ್ತು. ‘ಜ್ವಾಲಾಮುಖಿಯ ಮೇಲೆ’ಗೆ 1968ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂದಿತು, 1980ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿತು. ಮಾನಸನ್ಮಾನ ಸಾಕಷ್ಟು ಆಯಿತು, ಓದು ಆಗಲಿಲ್ಲ. ಕಾರಂತರು ಪುಟಗಟ್ಟಲೆ ವಿವರ ಕೊಟ್ಟರೆ ಅದನ್ನು ಜೀವನಾನುಭವ ಎನ್ನುವವರು, ಕಟ್ಟೀಮನಿ ಒಂದು ಪುಟ ಸಿಟ್ಟಾದರೆ ಭಾಷಣ ಎನ್ನುತ್ತಾರೆ. ಆ ಪುಟ ಯಾವುದು, ಅದರಲ್ಲಿ ಯಾವ ಸಾಲು ಹೆಚ್ಚಾಯಿತು ಎಂದು ತೋರಿಸಿದ ಒಂದು ವಿಮರ್ಶೆಯೂ ನನ್ನ ಓದಿಗೆ ಇನ್ನೂ ಸಿಕ್ಕಿಲ್ಲ.