ಚೌಕದ ಲೆಕ್ಕ, ಚಿತ್ರದ ಮೋಹ

ಕ್ರಾಸ್ ಸ್ಟಿಚ್ ಕಲಿಯಲು ಹೊರಟವರು ಮೊದಲು ಕೊಳ್ಳುವುದು ಸಾಮಾನ್ಯವಾಗಿ ಒಂದು ಕಿಟ್. ಹೊದಿಕೆಯ ಮೇಲೆ ಜಲಪಾತವೋ ಜೋಡಿ ನವಿಲೋ ರಾಧಾಕೃಷ್ಣರೋ ಇರುತ್ತಾರೆ. ಒಳಗೆ ಬಟ್ಟೆ, ಸೂಜಿ, ಮೂವತ್ತು ನಲವತ್ತು ಬಣ್ಣದ ದಾರ, ಚಿಕ್ಕ ಚಿಕ್ಕ ಗುರುತುಗಳಿಂದ ಕಿಕ್ಕಿರಿದ ನಕ್ಷೆ. ಹುಮ್ಮಸ್ಸಿನಲ್ಲಿ ನವಿಲಿನ ಕೊರಳು ಮುಗಿಯುತ್ತದೆ. ಗರಿಯ ಹೊತ್ತಿಗೆ ಹಬ್ಬ ಬರುತ್ತದೆ, ಮಕ್ಕಳ ಪರೀಕ್ಷೆ ಬರುತ್ತದೆ, ಕಿಟ್ಟು ಬೀರುವಿನ ಮೇಲೇರುತ್ತದೆ. ಇವರಿಗೆ ತಾಳ್ಮೆ ಸಾಲದು ಎಂದು ಮನೆಯವರು ತೀರ್ಪು ಕೊಡುತ್ತಾರೆ. ತೀರ್ಪು ಕೊಡಬೇಕಾದದ್ದು ಕಿಟ್ಟಿನ ಮೇಲೆ.

ಅಡ್ಡ 200, ಉದ್ದ 200 ಚೌಕಗಳ ನಕ್ಷೆಯನ್ನು ಪೂರ್ತಿ ತುಂಬಲು 40,000 ಹೊಲಿಗೆ ಬೇಕು. ಗಂಟೆಗೆ ನೂರು ಎಂದು ಹಿಡಿದರೂ 400 ಗಂಟೆ; ದಿನಕ್ಕೊಂದು ಗಂಟೆ ಬಿಡುವು ಸಿಕ್ಕುವ ಮನೆಯಲ್ಲಿ ವರ್ಷ ದಾಟಿತು. ಈ ಲೆಕ್ಕ ಹೊದಿಕೆಯ ಮೇಲೆ ಕಾಣುವುದು ಅಪರೂಪ. ಅದೇ 40ಕ್ಕೆ 40ರ ಒಂದು ಹೂವನ್ನು, ಸುತ್ತಲ ಬಟ್ಟೆ ಖಾಲಿ ಬಿಟ್ಟು, ಸಾವಿರ ಹೊಲಿಗೆಯ ಆಸುಪಾಸಿನಲ್ಲಿ ಮುಗಿಸಬಹುದು. ಹತ್ತು ಸಂಜೆಯ ಕೆಲಸ.

ಎಣಿಕೆಯ ಕ್ರಾಸ್ ಸ್ಟಿಚ್‌ನಲ್ಲಿ ಬಟ್ಟೆಯ ಮೇಲೆ ಒಂದು ಗೆರೆಯೂ ಇರುವುದಿಲ್ಲ. ನಕ್ಷೆ ಕಾಗದದಲ್ಲಿರುತ್ತದೆ, ಚೌಕ ಎಣಿಸಿ ಅದನ್ನು ಬಟ್ಟೆಗೆ ತರಬೇಕು. ಅದಕ್ಕೆಂದೇ ನೇಯ್ದ ಬಟ್ಟೆ ಐಡಾ. ಅದರಲ್ಲಿ 14 ಕೌಂಟ್ ಎಂದರೆ ಇಂಚಿಗೆ 14 ಚೌಕ. 70 ಚೌಕ ಅಗಲ, 98 ಚೌಕ ಎತ್ತರದ ನಕ್ಷೆ ಇದರ ಮೇಲೆ ಸರಿಯಾಗಿ 5 ಇಂಚಿಗೆ 7 ಇಂಚು. 18 ಕೌಂಟ್ ಬಟ್ಟೆಯಲ್ಲಾದರೆ ಅಗಲ 4 ಇಂಚನ್ನೂ ಮುಟ್ಟದು. ನಯವಾಗಿ ಕಾಣುತ್ತದೆಂದು 18 ಕೌಂಟ್ ಆರಿಸಿಕೊಂಡ ಹೊಸಬರು ಎರಡೇ ದಿನದಲ್ಲಿ ಕಣ್ಣುಜ್ಜಿಕೊಳ್ಳುತ್ತಾರೆ. 11 ಅಥವಾ 14 ಸಾಕು. ನಮ್ಮ ಅಂಗಡಿಗಳಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುವ ಮ್ಯಾಟಿ ಬಟ್ಟೆಯೂ ಅಭ್ಯಾಸಕ್ಕೆ ಒಳ್ಳೆಯದೇ, ಆದರೆ ಉದ್ದಕ್ಕೂ ಅಡ್ಡಕ್ಕೂ ಇಂಚಿನಲ್ಲಿ ಅಷ್ಟೇ ಚೌಕ ಬರುತ್ತದೆಯೇ ಎಂದು ಸ್ಕೇಲು ಇಟ್ಟು ನೋಡಿಕೊಳ್ಳಬೇಕು. ಇಲ್ಲದಿದ್ದರೆ ನಕ್ಷೆಯ ದುಂಡು ಹೂವು ಬಟ್ಟೆಯಲ್ಲಿ ಮೊಟ್ಟೆಯಾಕಾರ ತಾಳುತ್ತದೆ.

ದಾರದ ಲಡಿ 8 ಮೀಟರ್ ಉದ್ದ, ಆರು ಎಳೆ. 14 ಕೌಂಟಿಗೆ ಎರಡೆಳೆ ಬಿಡಿಸಿಕೊಂಡರೆ ಸಾಕು. ಸೂಜಿಯ ತುದಿ ಮೊಂಡಾಗಿರಬೇಕು, ಏಕೆಂದರೆ ಅದು ಎಳೆಯನ್ನು ಸೀಳದೆ ತೂತಿನಲ್ಲಿ ಹಾಯಬೇಕು. ಬಣ್ಣವನ್ನು ಹೆಸರಿಗಿಂತ ಸಂಖ್ಯೆಯಿಂದ ಕೇಳುವುದು ವಾಸಿ, ಮತ್ತು ಆ ಸಂಖ್ಯೆ ಕಂಪನಿಗೊಂದು: ಡಿಎಂಸಿಯಲ್ಲಿ 310 ಆಗಿರುವ ಕಪ್ಪು, ಆ್ಯಂಕರ್‌ನಲ್ಲಿ 403. ಇನ್ನು ನಿಯಮವೆಂದರೆ ಒಂದೇ. ಎಲ್ಲ ಹೊಲಿಗೆಗಳಲ್ಲೂ ಮೇಲಿನ ಎಳೆ ಒಂದೇ ದಿಕ್ಕಿಗೆ ಒರಗಿರಬೇಕು. ಒಂದೊಂದೇ ಕತ್ತರಿ, ಅಂದರೆ ಕ್ರಾಸ್, ಮುಗಿಸುತ್ತಾ ಹೋಗಲಿ, ಸಾಲಿಡೀ ಅರ್ಧ ಹಾಕಿ ಮರಳಿ ಬರುತ್ತಾ ಪೂರ್ತಿ ಮಾಡಲಿ, ಈ ಓರೆ ತಪ್ಪಿದರೆ ಬೆಳಕು ಬಿದ್ದಾಗ ದಾರದ ಹೊಳಪು ಅಲ್ಲಲ್ಲಿ ಕೆಡುತ್ತದೆ.

ಕೌಶಲದ ಪಾಠ ಇಷ್ಟಕ್ಕೇ ಮುಗಿಯಿತು. ಒಂದು ಮಧ್ಯಾಹ್ನ ಸಾಕು. ಕಷ್ಟವಿರುವುದು ನಕ್ಷೆಯನ್ನು ಆರಿಸುವುದರಲ್ಲಿ.

ಚೌಕಕ್ಕೊಗ್ಗುವ ವಿನ್ಯಾಸವೋ ಚಿತ್ರದ ನಕಲೋ ಎಂಬ ಜಗಳ ಹಳೆಯದು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಜೇನ್ ಬೊಸ್ಟಾಕ್ ಎಂಬಾಕೆ 1598ರಲ್ಲಿ ಹೊಲಿದ ಮಾದರಿ ಬಟ್ಟೆಯಿದೆ. ಇಸವಿ ನಮೂದಾಗಿರುವ ಬ್ರಿಟಿಷ್ ಸ್ಯಾಂಪ್ಲರುಗಳಲ್ಲಿ ಈಗ ತಿಳಿದಿರುವಷ್ಟರಲ್ಲಿ ಅದೇ ಹಳೆಯದು. ಅದರಲ್ಲಿ ಅಕ್ಷರಗಳು, ಪ್ರಾಣಿಗಳು, ಅಂಚಿನ ವಿನ್ಯಾಸಗಳ ತುಣುಕುಗಳು ಇವೆಯೇ ಹೊರತು ಇಡಿಯಾದ ಚಿತ್ರವೊಂದಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನಿಂದ ಚೌಕಳಿ ಕಾಗದದ ಮೇಲೆ ಬಣ್ಣ ಹಚ್ಚಿದ ನಕ್ಷೆಗಳು ಬಂದವು. ಇಂಗ್ಲೆಂಡಿನ ದಿವಾನಖಾನೆಗಳ ದಿಂಬು, ಕಾಲ್ಮಣೆಗಳ ಮೇಲೆ ಉಣ್ಣೆಯ ಗುಲಾಬಿಗಳು, ನಾಯಿಗಳು ಅರಳಿದವು. ಚಿತ್ರಕಾರ ಲ್ಯಾಂಡ್‌ಸೀರನ ತೈಲಚಿತ್ರಗಳನ್ನೂ ಚೌಕ ಚೌಕವಾಗಿ ನಕಲು ಮಾಡಿದ್ದಾಯಿತು. ಇದಕ್ಕೆ ಬೇಸತ್ತವರಲ್ಲಿ ವಿನ್ಯಾಸಕಾರ ವಿಲಿಯಂ ಮಾರಿಸ್‌ನ ಬಳಗವೂ ಇತ್ತು. ಮುಂದೆ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್ ಎಂದು ಹೆಸರಾದ ಸಂಸ್ಥೆ 1872ರಲ್ಲಿ ಹುಟ್ಟಿದ್ದು ಆ ಬೇಸರದ ಕಾಲದಲ್ಲೇ.

ಆ ಬರ್ಲಿನ್ ನಕ್ಷೆಯ ಮೊಮ್ಮಗನೇ ಇವತ್ತಿನ ಫೋಟೊ ನಕ್ಷೆ. ತಂತ್ರಾಂಶಕ್ಕೆ ಮಗುವಿನ ಭಾವಚಿತ್ರ ಕೊಟ್ಟರೆ ಕ್ಷಣದಲ್ಲಿ ಅರವತ್ತು ಬಣ್ಣದ ನಕ್ಷೆ ಕೈಗೆ ಬರುತ್ತದೆ. ಕೆನ್ನೆಯ ನೆರಳೊಂದಕ್ಕೇ ಏಳೆಂಟು ಬಣ್ಣ, ಅವೂ ಇಲ್ಲೊಂದು ಅಲ್ಲೊಂದು ಚೌಕದಂತೆ ಚದುರಿರುತ್ತವೆ. ಪ್ರತಿಯೊಂದಕ್ಕೂ ದಾರ ಪೋಣಿಸಬೇಕು, ಕೊನೆ ಕಟ್ಟಬೇಕು. ಇಷ್ಟು ಪಾಡು ಪಟ್ಟು ಮುಗಿಸಿದ್ದು ಹತ್ತು ಅಡಿ ದೂರದಿಂದ ಸುಮಾರಾದ ಫೋಟೊದಂತೆ, ಹತ್ತಿರದಿಂದ ಬಣ್ಣದ ಗದ್ದಲದಂತೆ ಕಾಣುತ್ತದೆ. ಚೌಕಕ್ಕೆ ಬಾಗು ಗೊತ್ತಿಲ್ಲ, ಮೆಟ್ಟಿಲು ಗೊತ್ತು. ಅದನ್ನು ಮರೆಮಾಚಲು ಹೆಣಗುವ ನಕ್ಷೆ ಕೆಟ್ಟ ನಕ್ಷೆ.

ಚೌಕದ ಮಿತಿಯನ್ನೇ ಸೊಗಸು ಮಾಡಿಕೊಂಡ ವಿನ್ಯಾಸಗಳನ್ನು ನೋಡಬೇಕಾದರೆ ಧಾರವಾಡದ ಕಡೆಗೆ ತಿರುಗಬಹುದು. ಅಲ್ಲಿನ ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ, ಅಂದರೆ ಗವಂತಿ, ಮುರ್ಗಿ, ನೇಗಿ, ಮೆಂತಿಗಳಲ್ಲಿ, ಕೊನೆಯದು ಕ್ರಾಸ್ ಸ್ಟಿಚ್ಚೇ. ಸಂಪ್ರದಾಯದ ಕೆಲಸದಲ್ಲಿ ನಕ್ಷೆ ಬಟ್ಟೆಗೆ ಇಳಿಯುವುದೇ ಇಲ್ಲ. ಇಳಕಲ್ ಸೀರೆಯ ನೇಯ್ಗೆಯ ಎಳೆ ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಮೂಡುತ್ತವೆ. ಇಲ್ಲಿಯ ಆನೆ ನಿಜವಾದ ಆನೆಯನ್ನು ಹೋಲುವ ಗೋಜಿಗೆ ಹೋಗಿಲ್ಲ. ಬೆನ್ನು ಮೆಟ್ಟಿಲು, ಸೊಂಡಿಲು ಅಂಕುಡೊಂಕು, ಆದರೂ ನೋಡಿದವರಿಗೆ ಆನೆಯೇ. ಚಂದ್ರಕಾಳಿ ಸೀರೆಯ ಕಪ್ಪಿನ ಮೇಲೆ ನಾಲ್ಕೇ ಬಣ್ಣಗಳು ತುಂಬಿದ ಸೆರಗಾಗುತ್ತವೆ. ಅರವತ್ತು ಬಣ್ಣದ ಕಿಟ್ಟಿಗೆ ಇಲ್ಲಿ ಕಲಿಯುವುದು ಬಹಳವಿದೆ.

ಪ್ಯಾಲೆಸ್ಟೈನಿನ ಹೆಂಗಸರ ನಿಲುವಂಗಿಯ ಎದೆಯಲ್ಲಿ ಒತ್ತೊತ್ತಾಗಿ ತುಂಬುವ ತತ್ರೀಜ್ ಕಸೂತಿಯೂ ಬಹುಪಾಲು ಇದೇ ಕತ್ತರಿ ಹೊಲಿಗೆ. ಅದರ ಸೈಪ್ರಸ್ ಮರ, ನಕ್ಷತ್ರಗಳೂ ಚೌಕದ ಮಾತು ಕೇಳಿಯೇ ರೂಪುಗೊಂಡವು. ಯುನೆಸ್ಕೊ 2021ರಲ್ಲಿ ಈ ಕಲೆಯನ್ನು ತನ್ನ ಪಟ್ಟಿಗೆ ಸೇರಿಸಿತು.

ಕಡಿಮೆ ಹೊಲಿಗೆಯಲ್ಲಿ ಹೆಚ್ಚು ಹೇಳಿದವರಲ್ಲಿ ಒಬ್ಬ ಸೈನಿಕನೂ ಇದ್ದಾನೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿದ್ದ ಬ್ರಿಟಿಷ್ ಮೇಜರ್ ಅಲೆಕ್ಸಿಸ್ ಕ್ಯಾಸ್‌ಡಾಗ್ಲಿ 1941ರಲ್ಲಿ ಒಂದು ಸ್ಯಾಂಪ್ಲರ್ ಹೊಲಿದ. ಅದರ ಅಂಚಿನ ಚುಕ್ಕಿ ಗೆರೆಗಳು ಮೋರ್ಸ್ ಸಂಕೇತ: ಒಂದು ಕಡೆ ತನ್ನ ದೊರೆಗೆ ಹಾರೈಕೆ, ಇನ್ನೊಂದು ಕಡೆ ಹಿಟ್ಲರನಿಗೆ ಅಚ್ಚ ಬೈಗುಳ. ಕಾವಲಿನವರು ಅದನ್ನು ಮೆಚ್ಚಿ ಪ್ರದರ್ಶನಕ್ಕಿಟ್ಟರು! ಅಕ್ಷರ ಮತ್ತು ಅಂಚು, ಎರಡೂ ಹೊಸಬರ ಕೈಗೆಟುಕುವಂಥವೇ. ಕನ್ನಡದ ದುಂಡು ಅಕ್ಷರಗಳನ್ನು ಚೌಕಕ್ಕೆ ಒಗ್ಗಿಸಲು ಮಾತ್ರ ಸ್ವಲ್ಪ ಹೆಚ್ಚು ಎತ್ತರ ಬೇಕು. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡದಿದ್ದರೆ ಎರಡನೆಯ ಸಾಲಿಗೆ ತಗಲುತ್ತದೆ.

ಬಟ್ಟೆಯ ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕವಾಗಿರಬೇಕು ಎಂಬ ಉಪದೇಶ ಕಲಿಯುವವರನ್ನು ಕಾಡುವುದುಂಟು. ಚೌಕಟ್ಟಿಗೆ ಹಾಕುವ ಚಿತ್ರಕ್ಕೆ ಅದು ಅನಗತ್ಯ ಹಿಂಸೆ. ಗಂಟು ಹಾಕದಿದ್ದರೆ, ಕೊನೆಯನ್ನು ನಾಲ್ಕೈದು ಹೊಲಿಗೆಗಳ ಅಡಿ ತೂರಿಸಿದರೆ, ದಾರವನ್ನು ಖಾಲಿ ಬಟ್ಟೆಯ ಹಿಂದೆ ದೂರ ಎಳೆಯದಿದ್ದರೆ ಸಾಕು. ಎರಡೂ ಬದಿ ಒಂದೇ ಆಗಿ ಕಾಣಬೇಕೆಂಬ ಹಟ ಸೆರಗಿನ ಹಟ. ಸೆರಗು ಗಾಳಿಗೆ ಮಗುಚುತ್ತದೆ, ಅದಕ್ಕೇ ಗವಂತಿ. ಅದರಲ್ಲಿ ಮೊದಲ ಸುತ್ತು ಒಂದು ಬಿಟ್ಟು ಒಂದು ಹಾಕುತ್ತಾ ಹೋಗಿ, ಮರಳುವಾಗ ಬಿಟ್ಟ ಜಾಗ ತುಂಬುತ್ತಾ ಬರಬೇಕು. ಹೋಗುವಾಗ ಒಂದೆಳೆ ತಪ್ಪಿದ್ದು ಬರುವಾಗಷ್ಟೇ ತಿಳಿಯುವುದರಿಂದ, ಮೊದಲ ತುಳಸಿಕಟ್ಟೆಯನ್ನು 11 ಕೌಂಟಿನ ಬಟ್ಟೆಯಲ್ಲಿ, ಎರಡೇ ಬಣ್ಣದಲ್ಲಿ, ಕತ್ತರಿ ಹೊಲಿಗೆಯಿಂದಲೇ ಹಾಕಿಕೊಳ್ಳುವುದು ಲೇಸು. ಎರಡನೆಯದಕ್ಕೆ ಗವಂತಿ ಹಿಡಿಯಬಹುದು.