ಏರಿಗೆ ಎಷ್ಟು ಗೇರು ಬೇಕು?

ಸಕಲೇಶಪುರದ ಕಡೆಯವರು ಗೇರ್ ಸೈಕಲ್ ಕೊಳ್ಳಲು ಹೋದರೆ ಮೊದಲು ಕಿವಿಗೆ ಬೀಳುವ ಅಂಕಿ 21. ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು, ಗುಣಿಸಿಕೊಳ್ಳಿ. ಲೆಕ್ಕವೇನೋ ಸರಿ. ಆದರೆ ಬಿಸಿಲೆ ಘಾಟಿ ಹತ್ತುವವನಿಗೆ ಅದರಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ.

ಗೇರೇ ಬೇಡ ಎನ್ನುತ್ತಿಲ್ಲ. 2006–07ರಲ್ಲಿ ಶುರುವಾದ ಸರ್ಕಾರದ ಉಚಿತ ಸೈಕಲ್ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳ ಕೈಗೆ ಬಂದದ್ದು ಗೇರಿಲ್ಲದ ಸೈಕಲ್. ಬಯಲುಸೀಮೆಗೆ ಅದು ವರವೇ. ಆಲೂರು ದಾಟಿ ಪಡುವಣಕ್ಕೆ ಹೊರಟರೆ ಕಥೆ ಬೇರೆ. ಮುಂದೆ 44 ಹಲ್ಲು, ಹಿಂದೆ 18ರ ಫ್ರೀವೀಲ್ ಇರುವ ಮಾಮೂಲಿ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಹಿಂದಿನ ಚಕ್ರ ಹೆಚ್ಚುಕಡಿಮೆ ಎರಡೂವರೆ ಸುತ್ತು ತಿರುಗಬೇಕು. ಬೆನ್ನಿಗೆ ಪುಸ್ತಕದ ಚೀಲ ಬೇರೆ. ಏರು ಬಂತೆಂದರೆ ಇಳಿದು ತಳ್ಳುವುದೇ ಗತಿ.

ಇಂಥ ಕಷ್ಟ ಕಂಡೇ ಗೇರಿನ ಪರ ಮಾತಾಡಿದವನು ಫ್ರಾನ್ಸಿನ ಸೇಂತ್ ಎತಿಯೆನ್ನಿನ ಪಾಲ್ ದ ವಿವಿ. ಊರ ಪಕ್ಕದ ಗುಡ್ಡದ ಹಾದಿಯಲ್ಲಿ ತುಳಿದು ನೋಡಿ, ತನ್ನದೇ ಪತ್ರಿಕೆಯಲ್ಲಿ ವಾದ ಹೂಡಿದ. ಟೂರ್ ದ ಫ್ರಾನ್ಸ್ ಕಟ್ಟಿದ ಆನ್ರಿ ದೆಗ್ರಾಂಜ್‌ಗೆ ಮಾತ್ರ ಅದು ಕೈಲಾಗದವರ ಉಪಾಯವಾಗಿ ಕಂಡಿತು. ಆ ಪಂದ್ಯದಲ್ಲಿ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೈಲರ್‌ಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಸವಾರರು ಏರಿನ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುವಿ ಹಾಕಿ, ಆಚೆ ಬದಿಯ ದೊಡ್ಡ ಹಲ್ಲಿಗೆ ಚೈನು ಕೂರಿಸಿಕೊಳ್ಳಬೇಕಿತ್ತು. ಗಂಡಸ್ತಿಕೆಯ ಈ ಹುಚ್ಚು ನಮ್ಮ ಹುಡುಗರಲ್ಲೂ ಇಲ್ಲದಿಲ್ಲ.

ಗೇರು ಬದಲಿಸುವ ಹಳೆಯ ಶಿಫ್ಟರ್ ಬಿಗಿಯಾಗಿ ಕೂತ ಒಂದು ಸನ್ನೆ, ಅಷ್ಟೇ. ಎಳೆದಷ್ಟು ಕೇಬಲ್ ಬರುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಚೈನು ಸರಿಯಾಗಿ ಕೂತಿತೇ ಎಂದು ಸವಾರನೇ ಸದ್ದು ಕೇಳಿ ತಿಳಿಯಬೇಕು. 1984ರಲ್ಲಿ ಜಪಾನಿನ ಶಿಮಾನೊ ಕಂಪನಿ ಡ್ಯುರಾ-ಏಸ್ ಸೆಟ್ಟಿನಲ್ಲಿ ಈ ಅಂದಾಜಿನ ಕೆಲಸಕ್ಕೆ ಕ್ಲಿಕ್ ತಂದಿತು. ಏಳು ಗೇರಿನ ಸೈಕಲ್ಲಿನಲ್ಲಿ ಒಂದು ಕ್ಲಿಕ್ಕಿಗೆ ಕೇಬಲ್ ಸುಮಾರು 3 ಮಿ.ಮೀ. ಚಲಿಸುತ್ತದೆ, ಡಿರೈಲರ್ ಅದನ್ನು ಸುಮಾರು 5 ಮಿ.ಮೀ. ಮಾಡಿ ಚೈನನ್ನು ಪಕ್ಕದ ಹಲ್ಲಿಗೆ ದಾಟಿಸುತ್ತದೆ. ಸೊಗಸಾದ ಕೆಲಸ, ಎರಡು ಮಾತಿಲ್ಲ.

ಆದರೆ ನಮ್ಮ ಮಳೆಗಾಲ ಆ ಮಿಲಿಮೀಟರುಗಳನ್ನು ಮರ್ಯಾದೆಯಿಂದ ಕಾಣುವುದಿಲ್ಲ. ಜೂನ್ ಹಿಡಿದು ನಾಲ್ಕು ತಿಂಗಳು ಕೇಬಲ್ಲಿನ ಕೊಳವೆಗೆ ನೀರು, ತೋಟದ ರಸ್ತೆಯ ಕೆಂಪು ರಾಡಿ. ಒಳಗೆ ತುಕ್ಕು ಹಿಡಿದ ಸೈಕಲ್ಲಿನ ವರ್ತನೆ ನೋಡಬೇಕು: ಹಗುರ ಗೇರಿಗೆ ಹೋಗುತ್ತದೆ, ಏಕೆಂದರೆ ಅತ್ತ ಎಳೆಯುವುದು ಹೆಬ್ಬೆರಳು. ವಾಪಸು ಬರುವುದಿಲ್ಲ, ಏಕೆಂದರೆ ಇತ್ತ ಎಳೆಯಬೇಕಾದ್ದು ಡಿರೈಲರಿನ ಸಣ್ಣ ಸ್ಪ್ರಿಂಗು. ಏರು ಮುಗಿದು ಸಪಾಟು ಬಂದರೂ ಕಾಲು ಬರಿದೇ ಗಿರಗಿರ ತಿರುಗುತ್ತಿರುತ್ತದೆ. ಹಳೆಯ ಸನ್ನೆಯಾಗಿದ್ದರೆ ಇನ್ನೊಂದಿಷ್ಟು ಸಡಿಲಿಸಿ ಸುಧಾರಿಸಿಕೊಳ್ಳಬಹುದಿತ್ತು. 1984ರ ಆ ಲಿವರಿನಲ್ಲೇ ಕ್ಲಿಕ್ ಬೇಡವೆಂದರೆ ಬಿಡುವ ಅನುಕೂಲ ಇತ್ತು. ಇಂದಿನ ಅಗ್ಗದ ತಿರುಚುವ ಹಿಡಿಗಳಲ್ಲಿ ಅದು ಕಾಣುವುದಿಲ್ಲ. ನನಗೆ ಇದು ಹಿಂದಡಿಯಾಗಿಯೇ ಕಾಣುತ್ತದೆ.

ಇನ್ನು ಆ 21. ಮುಂದೆ 42, 34, 24 ಹಲ್ಲು, ಹಿಂದೆ 14ರಿಂದ 28 ಇರುವ ಸೆಟ್ಟು ಸಾಮಾನ್ಯ. 42ಕ್ಕೆ 28 ಹಾಕಿದರೆ ಒಂದೂವರೆ. 24ಕ್ಕೆ 16 ಹಾಕಿದರೂ ಒಂದೂವರೆ. 34ಕ್ಕೆ 22 ಹಾಕಿದರೂ ಕೂದಲೆಳೆಯಷ್ಟೇ ಹೆಚ್ಚು. ಒಂದೇ ಗೇರನ್ನು ಮೂರು ಸಲ ಎಣಿಸಿದಂತಾಯಿತು. ಅದರಲ್ಲೂ ಮೊದಲನೆಯದರಲ್ಲಿ ಚೈನು ಅಡ್ಡಡ್ಡ ಓಡಿ ಬೇಗ ಸವೆಯುತ್ತದೆ.

ಅಮೆರಿಕದ ಸ್ರ್ಯಾಮ್ 2012ರಲ್ಲಿ ದುಬಾರಿ ಮೌಂಟನ್ ಬೈಕಿಗೆ ಮುಂದೆ ಒಂದೇ ಹಲ್ಲುಚಕ್ರ, ಹಿಂದೆ 10ರಿಂದ 42ರವರೆಗೆ ಹನ್ನೊಂದು ಕೊಟ್ಟು ಮುಂದಿನ ಶಿಫ್ಟರನ್ನೇ ಕಿತ್ತುಹಾಕಿತು. ಅಷ್ಟು ದುಡ್ಡು ಸುರಿಯಬೇಕಿಲ್ಲ. ಮುಂದೆ 32, ಹಿಂದೆ 14ರಿಂದ 34ರ ಏಳು ಗೇರಿನ ಫ್ರೀವೀಲ್ ಇದ್ದರೆ ಅತಿ ಹಗುರ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಚಕ್ರ ಒಂದು ಸುತ್ತಿಗೂ ಕಡಿಮೆ ತಿರುಗುತ್ತದೆ. ಸಕಲೇಶಪುರದ ಏರುಗಳಿಗೆ ಧಾರಾಳ ಸಾಕು. ಒಂದು ಕೇಬಲ್, ಒಂದು ಡಿರೈಲರ್, ಒಂದು ಲಿವರು ಕಡಿಮೆ. ಕೆಡುವುದೂ ಅಷ್ಟು ಕಡಿಮೆ. ಅಂಗಡಿಯವರು ಇಂಥದನ್ನು ಮುಂದಿಟ್ಟರೂ ಗಿರಾಕಿ ಕೇಳುವುದು, ‘ಇದರಲ್ಲಿ ಬರೀ ಏಳೇನಾ?’